ಅಳಿಯಂದಿರು ತೊಳೆದ ಆಕಾಶ

ಹಲ್ಲಿನ ಡಾಕ್ಟರು ಅಂಗಿಯ ತೋಳು ಮಡಚಿ ಕಂಪ್ಯೂಟರಿನ ಮುಂದೆ ಕೂತರೆಂದರೆ ಆಕಾಶಕ್ಕೇ ಗಂಡಾಂತರ! "ಮಾವ ತೆಗೆದ ನೀಹಾರಿಕೆಗೆ ಎಂಥ ಹೊಳಪು ಕೊಡ್ತೀನಿ, ನೋಡ್ತಿರು," ಎಂದು ಹೆಂಡತಿಯ ಮುಂದೆ ಮೀಸೆ ತಿರುವಿಯೇ ಶುರು ಮಾಡಿದ್ದರು.

ಮಾವ ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ಅದಕ್ಕೂ ಮುಂಚಿನ ಚಳಿಗಾಲದಲ್ಲಿ ಅವರು ತಾರಸಿಯ ಮೇಲೆ ಟೆಲಿಸ್ಕೋಪಿಗೆ ಕ್ಯಾಮೆರಾ ಕಟ್ಟಿ, ಒಂದೇ ರಾತ್ರಿ ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆಯ ನೂರಾರು ಫೋಟೋ ತೆಗೆದಿದ್ದರು. ಅವನ್ನೆಲ್ಲ ಒಂದರ ಮೇಲೊಂದು ಪೇರಿಸಿ ಒಂದೇ ಚಿತ್ರ ಮಾಡುವಷ್ಟು ಆಯುಸ್ಸು ಅವರಿಗಿರಲಿಲ್ಲ. ಮಗಳ ಮನೆಗೆ ಬಂದ ಮೇಲೆ ಇಂಥದ್ದು ಬೇಕೆಂದು ಎಂದೂ ಬಾಯಿಬಿಡದ ಅತ್ತೆ ಕೇಳಿದ್ದು ಇದೊಂದನ್ನೇ: ಆ ರಾತ್ರಿಯದೊಂದು ಚಿತ್ರ ತಮ್ಮ ಕೋಣೆಯ ಗೋಡೆಗೆ ಬೇಕು.

ಡಾಕ್ಟರು ಮಸುಕಾದ ಅಂಚನ್ನು ಬೆಳಗಿಸಲು ಹೋದರು. ನಡುವೆ ಮೊದಲೇ ಪ್ರಖರವಾಗಿದ್ದ ಭಾಗ ಬೆಳ್ಳಗೆ ಉಬ್ಬಿಕೊಂಡಿತು. ಹೆಂಡತಿ ಇಣುಕಿ, ಹಾಲು ಉಕ್ಕಿದೆ, ಒಲೆ ಆರಿಸಿ ಎಂದಳು. ಬಣ್ಣ ಸರಿಪಡಿಸಿದರೆ ಇಡೀ ನೀಹಾರಿಕೆ ಗುಲಾಬಿಯಾಯಿತು. "ಆಕಾಶಕ್ಕೂ ಒಸಡು ಬರಿಸಿಬಿಟ್ರಾ?" ಎಂದು ನಕ್ಕಳು.

ಇದು ಮಾನದ ಪ್ರಶ್ನೆ! ಡಾಕ್ಟರು ಬಿಡಿ ಫೋಟೋಗಳನ್ನೇ ಒಂದೊಂದಾಗಿ ಸೋಸತೊಡಗಿದರು. ಕಲೆ ಕಂಡರೆ ಸುಮ್ಮನಿರುವ ಕೈ ಅವರದಲ್ಲ. ಅಲುಗಾಡಿದ್ದು, ಮೋಡ ಕವಿದದ್ದು, ಅಡ್ಡಕ್ಕೆ ಕೆಂಪು ಬಳಿದುಕೊಂಡದ್ದು, ಎಲ್ಲವನ್ನೂ ಎತ್ತಿ ಬಿಸಾಕಿದರು. ಗುಡಿಸಿದ ಕಸವನ್ನು ಮೂಲೆಯಲ್ಲಿ ಇಟ್ಟುಕೊಳ್ಳುತ್ತಾರೆಯೇ? ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿ ಕೈ ಝಾಡಿಸಿಕೊಂಡರು.

ಚಿತ್ರ ನಿಜಕ್ಕೂ ಅದ್ಭುತವಾಗಿ ಬಂತು. ಹೆಂಡತಿಯೂ ಒಪ್ಪಿದಳು. ಗೋಡೆಗೆ ಏರಿದ ಮೇಲೆ ಅತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಬೆರಳು ಅಂಚಿನುದ್ದಕ್ಕೂ ಏನನ್ನೋ ಹುಡುಕಿತು.

"ಆ ಕೆಂಪು ಎಲ್ಲಿ?"

ಡಾಕ್ಟರು ಉಬ್ಬಿಹೋದರು. ಯಾರದೋ ಟಾರ್ಚಿನ ಬೆಳಕು ಬಿದ್ದು ಒಂದು ಫೋಟೋ ಕೆಟ್ಟಿತ್ತು, ಅದರ ಸುಳಿವೂ ಉಳಿಯದಂತೆ ಅಳಿಸಿದ್ದೇನೆ ಎಂದರು.

ಅತ್ತೆ ಮೆಲ್ಲಗೆ ಮಂಚದ ಮೇಲೆ ಕೂತರು. ಆ ರಾತ್ರಿ ಅವರೂ ತಾರಸಿಯಲ್ಲಿದ್ದರಂತೆ. ನಡುಗುತ್ತಿದ್ದುದನ್ನು ಕಂಡು ಮಾವ, ಕ್ಯಾಮೆರಾ ನಡೆಯುತ್ತಿರುವುದನ್ನೂ ಮರೆತು, ಕತ್ತಲಿಗೆ ಪಳಗಿದ ಕಣ್ಣು ಕೋರೈಸದಿರಲೆಂದು ಬಳಸುತ್ತಿದ್ದ ಕೆಂಪು ಬೆಳಕಿನ ಟಾರ್ಚು ಹಿಡಿದು ಅದರ ಎದುರಿಗೇ ಹಾದು ಬಂದು ತಮ್ಮ ಶಾಲು ಹೊದಿಸಿದ್ದರಂತೆ.

"ಫೋಟೋ ಹಾಳಾಯ್ತಲ್ಲ ಅಂತ ನಾನೇ ಬೈದೆ. ಆಗ್ಲಿ ಬಿಡು, ಇದರಲ್ಲಿ ನಾನೂ ಇದ್ದೀನಲ್ಲ ಅಂದ್ರು. ಅಳಿಸೋಕೆ ಬಿಡ್ಲಿಲ್ಲ."

ಡಾಕ್ಟರು ಓಡಿಹೋಗಿ ಕಂಪ್ಯೂಟರನ್ನು ತಡಕಾಡಿದರು, ರಿಪೇರಿಯವನಿಗೆ ಫೋನು ಮಾಡಿ ಗೋಗರೆದರು. ಹೋದದ್ದು ಹೋಯಿತು. ಬಾಗಿಲಲ್ಲಿ ಬಂದು ನಿಂತಾಗ ಅವರ ಕಣ್ಣು ತುಂಬಿತ್ತು.

ಅತ್ತೆ ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

"ಬೇಕಂತ ಮಾಡಿದ್ದಲ್ಲ, ಬಿಡಿ. ಆದ್ರೆ ಒಂದು ಹಲ್ಲು ಕೀಳೋಕೂ ಮುಂಚೆ ಯಾವುದು ಅಂತ ಕೇಳೇ ಕೀಳ್ತೀರಲ್ಲ ನೀವು. ನನ್ನನ್ನೂ ಒಂದು ಮಾತು ಕೇಳಬಹುದಿತ್ತು."