ಒಂಬತ್ತನೆಯ ಕಾಲಂ

ಷಡಕ್ಷರಿಯ ಅಂದಿನ ಫಜೀತಿಗೆಲ್ಲ ಕಾರಣ ಅರ್ಜಿ ಫಾರಂನ ಒಂಬತ್ತನೆಯ ಕಾಲಂ. ‘ಊರಿನಲ್ಲಿ ತಮ್ಮನ್ನು ಬಲ್ಲವರ ಹೆಸರು, ಅವರು ತಮಗೆ ಏನಾಗಬೇಕು?’ ಅದನ್ನು ಸೇರಿಸಿ ಅಚ್ಚು ಹಾಕಿಸಿದವನೂ ಅವನೇ.

ಮಂಡಿ ಮೊಹಲ್ಲಾದಲ್ಲಿ ಮಂಟೇಸ್ವಾಮಿಯ ತೆಂಗಿನಕಾಯಿ ಮಂಡಿಯ ಮಹಡಿ ಮೇಲೆ ಸರ್ವಮಂಗಳಮ್ಮನವರ ವಧೂವರ ಕೇಂದ್ರ. ಷಡಕ್ಷರಿ ಅಲ್ಲಿನ ಗುಮಾಸ್ತ. ಬಾಗಿಲಿಗೆ ಬೀಗ ಹಾಕಿ, ಮೂರು ಸಲ ಜಗ್ಗಿ, ಬಸ್ ಸ್ಟಾಪಿನವರೆಗೆ ಹೋಗಿ, ತಿರುಗಿ ಬಂದು ನಾಲ್ಕನೆಯ ಸಲ ಜಗ್ಗುವ ಆಸಾಮಿ. ಸಂಜೆ ಕಾಲೇಜಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದ ಮೇಲೆ ಕೇಂದ್ರದ ಮೂರು ಸಾವಿರ ಅರ್ಜಿಗಳನ್ನೂ ಡೇಟಾಬೇಸಿಗೆ ಏರಿಸಿದ್ದ. ಈಗ ಅದಕ್ಕೆ ಬುದ್ಧಿ ಕಲಿಸಹೊರಟಿದ್ದ. ತಾಯಿಯ ತಮ್ಮ ಸೋದರಮಾವ. ಸೋದರಮಾವನ ಮಗಳು ಕೊಟ್ಟು ತರುವ ವರಸೆ. ಅಣ್ಣನ ತಂಗಿ ತನಗೂ ತಂಗಿ. ಚಿಕ್ಕಪ್ಪನ ತಮ್ಮನೂ ಚಿಕ್ಕಪ್ಪ. ಹೀಗೆ ನಿಯಮ ಬರೆದುಕೊಟ್ಟರೆ, ಫಾರಂನಲ್ಲಿ ಬರೆಯದ ನಂಟನ್ನೂ ಕಂಪ್ಯೂಟರೇ ಹೊಂದಿಸಿ ಹೇಳಬೇಕು.

“ಇದಕ್ಕೆ ಆಂಟಾಲಜಿ ಅಂತಾರೆ ಮೇಡಂ.”

“ಯಾವ ಆಂಟಿ? ಅತ್ತೆನೋ ಚಿಕ್ಕಮ್ಮನೋ ಮೊದ್ಲು ಹೇಳು,” ಎಂದರು ಸರ್ವಮಂಗಳಮ್ಮ. “ಅದೇ ಗೊತ್ತಿಲ್ದೆ ವರಸೆ ಎಂಗಯ್ಯ ನೋಡೋದು?”

ಮೊದಲು ಅವನು ಮೂರು ಸಾವಿರ ಜನವೂ ಒಬ್ಬರಿಗೊಬ್ಬರು ಏನಾಗಬೇಕೆಂದು ಮುಂಚೆಯೇ ಹುಡುಕಿಸಿಡಲು ಹೊರಟ. ಶುಕ್ರವಾರ ಶುರುವಾದದ್ದು ಸೋಮವಾರ ಕರೆಂಟ್ ಹೋಗುವವರೆಗೂ ಮುಗಿಯಲಿಲ್ಲ. ಆಮೇಲೆ ಸರ್ವಮಂಗಳಮ್ಮನವರನ್ನೇ ಗಮನಿಸಿದ. ಅವರು ಊರನ್ನೆಲ್ಲ ನೆನೆಯುತ್ತಿರಲಿಲ್ಲ. ಎದುರಿಗೆ ಕುಳಿತ ಎರಡು ಕಡೆಯವರನ್ನು ಮಾತ್ರ “ನಿಮ್ ತಾಯಿ ಯಾವ ಮನೆಯವ್ರು?” ಎಂದು ಹಿಡಿದು, ಅಲ್ಲಿಂದ ನಾಲ್ಕು ಮೆಟ್ಟಿಲು ಮೇಲಕ್ಕೆ ಹತ್ತಿ ನಂಟು ಹೇಳಿಬಿಡುತ್ತಿದ್ದರು. ಕಂಪ್ಯೂಟರಿಗೂ ಅದನ್ನೇ ಕಲಿಸಿದ: ಕೇಳಿದಾಗ ಯೋಚಿಸು, ಕೇಳಿದವರ ಬಗ್ಗೆ ಯೋಚಿಸು. ಮೂರು ದಿನದ ಕೆಲಸ ಮೂರು ಸೆಕೆಂಡಿಗೆ ಇಳಿಯಿತು.

ಇವತ್ತು ಅದರ ಪರೀಕ್ಷೆ. ಸಂಜೆ ನಾಲ್ಕಕ್ಕೆ ಟೈಪಿಸ್ಟ್ ರಕ್ಷಿತಾಳ ಸೋದರಮಾವ ಚಂದ್ರಮೌಳಿ ಬರುವವರಿದ್ದರು. ಹುಡುಗಿ ರಕ್ಷಿತಾ, ಹುಡುಗ ಸ್ವತಃ ಷಡಕ್ಷರಿ.

“ನಮ್ಮಾವಂಗೆ ಮನುಷ್ಯರ ಮೇಲೆ ನಂಬಿಕೆ ಇಲ್ಲ, ಮಿಷನ್ ಮೇಲಿದೆ,” ಎಂದಿದ್ದಳು ಅವಳು. “ವರಸೆ ಕೂಡುತ್ತೆ ಅಂತ ಪ್ರಿಂಟ್ ಬಂದ್ರೆ ಸಾಕು. ನೀವು ಮಾತ್ರ ಬಾಯಿ ಬಿಡ್ಬೇಡಿ ಸಾರ್. ಕೆಡಿಸ್ಬುಡ್ತೀರ.”

ಹತ್ತು ಗಂಟೆಗೆ ಬಂದ ಮೊದಲ ಜೋಡಿಗೆ ಕಂಪ್ಯೂಟರ್ ‘ಅಣ್ಣ-ತಂಗಿ, ಕೂಡುವುದಿಲ್ಲ’ ಎಂದಿತು. ಎರಡನೆಯದಕ್ಕೂ ಅಣ್ಣ-ತಂಗಿ. ಮಧ್ಯಾಹ್ನದ ಹೊತ್ತಿಗೆ ಏಳು ಜೋಡಿ ಅಣ್ಣ-ತಂಗಿಯರು ಬೆಂಚಿನ ಮೇಲೆ ಒಬ್ಬರನ್ನೊಬ್ಬರು ಪೆಚ್ಚಾಗಿ ನೋಡುತ್ತ ಕುಳಿತಿದ್ದರು.

“ಏನ್ರಮ್ಮ, ಇಡೀ ಮೈಸೂರಿಗೆ ಒಬ್ಳೇ ತಾಯಾ?” ಎಂದು ಬನ್ನೂರಿನಿಂದ ಬಂದಿದ್ದ ಹುಡುಗಿಯ ತಂದೆ ರೇಗಿದರು.

“ನನ್ ಕೇಂದ್ರಾನ ರಾಖಿ ಅಂಗಡಿ ಮಾಡ್ಬುಟ್ಟೆಯಲ್ಲೋ ಷಡಕ್ಷರಿ!” ಎಂದು ಸರ್ವಮಂಗಳಮ್ಮ ಹಣೆ ಹಣೆ ಚಚ್ಚಿಕೊಂಡರು.

ಷಡಕ್ಷರಿ ಹಬೆಯಲ್ಲಿಟ್ಟ ಇಡ್ಲಿಯಂತೆ ಬೆವರಿದ. ಅಷ್ಟರಲ್ಲಿ ಗಲಾಟೆ ಕೇಳಿ ಮಂಟೇಸ್ವಾಮಿ ಮೆಟ್ಟಿಲು ಹತ್ತಿ ಬಂದ.

“ಬಾರಣ್ಣ,” ಎಂದರು ಸರ್ವಮಂಗಳಮ್ಮ. “ಕೂತ್ಕೊಳ್ಳಣ್ಣ,” ಎಂದಿತು ಗಂಡಿನ ಕಡೆ. “ನೀನಾದ್ರೂ ಕೇಳಣ್ಣ,” ಎಂದಿತು ಹೆಣ್ಣಿನ ಕಡೆ.

ಷಡಕ್ಷರಿಗೆ ಝಗ್ಗೆಂದು ಹೊಳೆಯಿತು. ಮಂಡಿಗೆ ಬಂದುಹೋಗುವವರಿಗೆಲ್ಲ ಇವನು ಅಣ್ಣ! ಹುಡುಕಿದರೆ ಒಂಬತ್ತನೆಯ ಕಾಲಂನಲ್ಲಿ ನಾನೂರ ಹನ್ನೆರಡು ಮಂದಿ ‘ಮಂಟೇಸ್ವಾಮಿ – ಅಣ್ಣ’ ಎಂದು ಬರೆದಿದ್ದರು. ಬಾಯಿಮಾತಿನ ಅಣ್ಣನನ್ನು ಕಂಪ್ಯೂಟರ್ ಒಡಹುಟ್ಟಿದವನೆಂದೇ ನಂಬಿತ್ತು. ನಾನೂರ ಹನ್ನೆರಡನ್ನೂ ಅಳಿಸಿದ.

“ನನ್ನ ಅಳಿಸ್ಬುಟ್ರಾ?” ಎಂದು ಮಂಟೇಸ್ವಾಮಿ ಮುಖ ಸಪ್ಪೆ ಮಾಡಿಕೊಂಡು ಕೆಳಗಿಳಿದ. ಆದರೆ ಏಳರಲ್ಲಿ ಐದು ಜೋಡಿ ಕೂಡಿದವು. ಸರ್ವಮಂಗಳಮ್ಮ ಕಾಫಿ ತರಿಸಿದರು.

ತನ್ನ ಮದುವೆಯ ಮಾತಿಗೆ ಹುಡುಗಿ ಎದುರಿಗಿರಬಾರದೆಂದು ರಕ್ಷಿತಾಳನ್ನು ಕೆಳಗೆ ಮಂಡಿಗೆ ಕಳಿಸಿದ್ದಾಯಿತು. ನಾಲ್ಕಕ್ಕೆ ಐದು ನಿಮಿಷವಿತ್ತು. ಯಾವುದಕ್ಕೂ ಇರಲಿ ಎಂದು ಷಡಕ್ಷರಿ ತಮ್ಮಿಬ್ಬರ ಅರ್ಜಿ ನಂಬರು ಒತ್ತಿ ನೋಡಿದ.

‘ಹುಡುಗಿಗೆ ಹುಡುಗ ಚಿಕ್ಕಪ್ಪ. ಕೂಡುವುದಿಲ್ಲ.’

ಅವನು ಎರಡೂ ಫಾರಂ ತೆರೆದು ನೋಡಿದ. ಅವನ ಫಾರಂನಲ್ಲಿ ‘ರುದ್ರಸ್ವಾಮಿ, ಗೋಕುಲಂ – ಅಣ್ಣ’ ಎಂದಿತ್ತು. ಅದು ಸುಳ್ಳಲ್ಲ, ರುದ್ರಸ್ವಾಮಿ ಅವನ ದೊಡ್ಡಪ್ಪನ ಮಗ. ಅವಳ ಫಾರಂನಲ್ಲಿ ‘ರುದ್ರಸ್ವಾಮಿ, ಗೋಕುಲಂ – ಚಿಕ್ಕಪ್ಪ’. ಚಿಕ್ಕಪ್ಪನ ತಮ್ಮನೂ ಚಿಕ್ಕಪ್ಪ, ನಿಯಮ ಅವನದೇ. ದೊಡ್ಡಪ್ಪನ ಕಡೆ ಎಲ್ಲೆಲ್ಲಿ ಯಾರ್ಯಾರಿದ್ದಾರೋ! ಓಡಿಹೋಗಿ ರಕ್ಷಿತಾಳನ್ನೇ ಕೇಳೋಣವೆಂದು ಎದ್ದ. ಮೆಟ್ಟಿಲ ಮೇಲೆ ಚಂದ್ರಮೌಳಿಯವರ ಕೆಮ್ಮು ಕೇಳಿಸಿತು. ಅವನ ಬೆರಳು ತಾನಾಗಿಯೇ ಹೋಗಿ ಅವಳ ಆ ಒಂದು ಸಾಲನ್ನು ಅಳಿಸಿತು.

ಪ್ರಿಂಟರ್ ಕಿರ್ರೆನ್ನುತ್ತ ‘ಕೂಡುತ್ತದೆ’ ಎಂದು ಹೊರಹಾಕಿತು.

“ಭೇಷ್!” ಎಂದರು ಚಂದ್ರಮೌಳಿ, ಕಾಗದವನ್ನು ಕಣ್ಣಿಗೊತ್ತಿಕೊಂಡು. “ಮನುಷ್ಯ ಆದ್ರೆ ಮುಚ್ಚಿಡ್ತಾನೆ. ಮಿಷನ್‌ಗೆ ಮೋಸ ಗೊತ್ತಿಲ್ಲ ಕಣ್ರೀ. ನನಗೆ ಒಪ್ಪಿಗೆ.”

ಷಡಕ್ಷರಿಗೆ ರಕ್ಷಿತಾಳ ಮಾತು ನೆನಪಾಯಿತು. ಬಾಯಿ ಬಿಡಬೇಡಿ ಎಂದಿದ್ದಳು. ಎರಡು ನಿಮಿಷ ಬಿಗಿಹಿಡಿದ. ಸರ್ವಮಂಗಳಮ್ಮ ಸಕ್ಕರೆ ಡಬ್ಬಿ ತೆಗೆದರು.

“ನಾನೇ ಅಳಿಸ್ದೆ ಸಾರ್!” ಎಂದು ಕೂಗಿಬಿಟ್ಟ. “ನಾನು ಅವಳಿಗೆ ಚಿಕ್ಕಪ್ಪ ಆಗ್ಬೇಕು!”

ಚಂದ್ರಮೌಳಿ ದಡದಡನೆ ಕೆಳಗಿಳಿದು, ಅಷ್ಟೇ ವೇಗದಲ್ಲಿ ರಕ್ಷಿತಾಳನ್ನು ಕರೆದುಕೊಂಡು ಮೇಲೆ ಬಂದರು. ಹಿಂದೆಯೇ ಮಂಟೇಸ್ವಾಮಿ. ಷಡಕ್ಷರಿ ತಾನು ಅಳಿಸಿದ ಸಾಲು ಏನೆಂದು ಹೇಳಿದ.

“ರುದ್ರಸ್ವಾಮಿ ಚಿಕ್ಕಪ್ಪನಾ?” ಎಂದಳು ರಕ್ಷಿತಾ. “ಅವ್ರು ನಮ್ಮ ಪಕ್ಕದ ಮನೆಯವ್ರು! ಚಿಕ್ಕಂದಿನಿಂದ ಹಂಗೆ ಕರೀತೀನಿ, ಅಷ್ಟೆ. ಮಧ್ಯಾಹ್ನ ತಾನೇ ಬಾಯಿಮಾತಿನ ಅಣ್ಣಂದಿರನ್ನ ಅಳಿಸಿದ್ರಲ್ಲ ಸಾರ್, ಇದು ಹೊಳೀಲಿಲ್ವಾ?”

ಷಡಕ್ಷರಿ ಆಸೆಯಿಂದ ಚಂದ್ರಮೌಳಿಯವರ ಮುಖ ನೋಡಿದ.

“ನೋಡಪ್ಪ,” ಎಂದರು ಅವರು ಶಾಂತವಾಗಿ. “ಸಂಬಂಧ ಇದ್ರೆ ಚಿಕ್ಕಪ್ಪನಿಗೆ ಹುಡುಗಿ ಕೊಡೋ ಹಾಗಿಲ್ಲ. ಇಲ್ದಿದ್ರೆ, ಇಲ್ಲದ ಸಂಬಂಧಕ್ಕೆ ಹೆದರಿ ದಾಖಲೆ ಅಳಿಸಿದವನಿಗೆ ಕೊಡೋ ಹಾಗಿಲ್ಲ. ಯಾವ ಕಡೆಯಿಂದ ಬಂದ್ರೂ ಕೂಡಲ್ಲ.”

ಇಷ್ಟು ಬೇಗ ಕಂಪ್ಯೂಟರ್ ಕೂಡ ಹೇಳುತ್ತಿರಲಿಲ್ಲ. ರಕ್ಷಿತಾ ಮಾವನ ಹಿಂದೆ ಇಳಿದುಹೋದಳು, ತಿರುಗಿ ನೋಡಿದಳೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ.

ಆರು ಗಂಟೆಗೆ ಮಂಟೇಸ್ವಾಮಿ ತನ್ನ ಭಾಮೈದನ ಮಗಳ ಫಾರಂ ತುಂಬಿ ತಂದುಕೊಟ್ಟ. ಷಡಕ್ಷರಿ ಎಲ್ಲ ಕಾಲಂ ಸರಿಯಾಗಿದೆಯೇ ಎಂದು ಎರಡೆರಡು ಸಲ ನೋಡುತ್ತ ಬಂದು ಒಂಬತ್ತನೆಯದರಲ್ಲಿ ನಿಂತ.

‘ಬಲ್ಲವರ ಹೆಸರು: ಷಡಕ್ಷರಿ. ಏನಾಗಬೇಕು: ಚಿಕ್ಕಪ್ಪ.’