ಪುಸ್ತಕದೊಳಗಿನ ದೆವ್ವಕ್ಕೆ ಎಳ್ಳುನೀರು

ಪುಸ್ತಕದ ಬಗ್ಗೆ ಅಭಿಪ್ರಾಯ ಹೇಳುವುದು ಅಪಾಯವಿಲ್ಲದ ಕೆಲಸ ಎಂದು ನಾನು ಬಹಳ ಕಾಲ ನಂಬಿದ್ದೆ. ಓದಿದವರು ಚೆನ್ನಾಗಿದೆ ಎನ್ನುತ್ತಾರೆ, ಓದದವರು ಇನ್ನೂ ವಿವರವಾಗಿ ಹೇಳುತ್ತಾರೆ, ಪುಸ್ತಕ ಮಾತ್ರ ಕಪಾಟಿನಲ್ಲಿ ಇದ್ದ ಹಾಗೇ ಇರುತ್ತದೆ. ಆ ನಂಬಿಕೆ ನನಗೆ ಈಗ ಉಳಿದಿಲ್ಲ. ಲಂಡನ್ನಿನ ಅಂಚಿನ ಹ್ಯಾರೋದ ನಮ್ಮ ಮನೆಯಲ್ಲಿ ನಡೆದದ್ದನ್ನು ಕಣ್ಣಾರೆ ಕಂಡವನು ನಾನು. ವೃತ್ತಿಯಲ್ಲಿ ರೇಡಿಯಾಲಜಿಸ್ಟ್. ಎಕ್ಸ್‌ರೇಯಲ್ಲಿ ಕಂಡದ್ದನ್ನು ಮಾತ್ರ ಬರೆದು, ಕಾಣದ್ದರ ಬಗ್ಗೆ ‘ಇಲ್ಲವೆಂದು ಹೇಳಲಾಗದು’ ಎಂದು ಸೇರಿಸಿ ಸಹಿ ಹಾಕುವುದು ನನ್ನ ಅಭ್ಯಾಸ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಆಗ ನನ್ನ ಮಗಳು ಅನುಗೆ ಹದಿಮೂರು ವರ್ಷ. ಅವಳ ವಯಸ್ಸಿನವರೆಲ್ಲ ಮುಗಿಬಿದ್ದು ಓದುತ್ತಿದ್ದ ಒಂದು ಕಾದಂಬರಿ ಸರಣಿಯಿತ್ತು. ಸತ್ತವರು ಕಣ್ಣಿಗೆ ಕಾಣುವ ಒಬ್ಬ ಶಾಲಾ ಹುಡುಗಿ ಅದರ ನಾಯಕಿ. ಅವಳ ಜೊತೆಗಾರ ನೆಡ್ ಎಂಬ ದೆವ್ವ. ಬದುಕಿದ್ದಾಗ ಬೀದಿಯ ಗ್ಯಾಸ್ ದೀಪ ಹಚ್ಚುವ ಕೆಲಸ ಮಾಡುತ್ತಿದ್ದ ತರುಣ. ಮಂಜು ಮುಸುಕಿದ ಒಂದು ಸಂಜೆ ಥೇಮ್ಸ್ ನದಿಗೆ ಬಿದ್ದು ಸತ್ತವನು ಅಂದಿನಿಂದ ಈ ಲೋಕ ಬಿಟ್ಟು ಹೋಗಲಾರದೆ ಅಲೆಯುತ್ತಿದ್ದ. ಇಬ್ಬರೂ ಸೇರಿ ದುಷ್ಟಶಕ್ತಿಗಳಿಂದ ಲಂಡನ್ನನ್ನು ಕಾಪಾಡುತ್ತಿದ್ದರು. ನಾಲ್ಕು ಭಾಗ ಬಂದಿದ್ದವು. ನಾಲ್ಕರಲ್ಲೂ ನಗರ ನಾಶದ ಅಂಚಿಗೆ ಹೋಗಿ ಬರುತ್ತದೆ, ಆದರೆ ಒಮ್ಮೆಯೂ ಟ್ಯೂಬ್ ರೈಲು ತಡವಾಗುವುದಿಲ್ಲ. ಬರೆದವರಿಗೆ ಲಂಡನ್ ಪರಿಚಯವಿದೆಯೇ ಎಂಬ ಸಂಶಯ ನನಗೆ ಬಂದದ್ದು ಅಲ್ಲಿಯೇ.

ಅಭಿಪ್ರಾಯ ಎಲ್ಲರಿಗೂ ಇತ್ತು. ಅನು ತನ್ನದನ್ನು ಇಂಟರ್‌ನೆಟ್ಟಿನಲ್ಲಿ ಬರೆದು ನಾಲ್ಕು ಭಾಗಗಳಿಗೂ ಐದೈದು ನಕ್ಷತ್ರ ಕೊಟ್ಟಿದ್ದಳು. ಇಂಟರ್‌ನೆಟ್ಟಿಗೂ ಫೋನಿಗೂ ಒಂದೇ ತಂತಿಯಿದ್ದ ಕಾಲ; ಅವಳು ನಕ್ಷತ್ರ ಕೊಡುವಷ್ಟು ಹೊತ್ತು ನಮ್ಮ ಮನೆಗೆ ಯಾರೂ ಫೋನ್ ಮಾಡುವಂತಿರಲಿಲ್ಲ. ನೆಡ್‌ಗೆ ಹೇಗಾದರೂ ಮತ್ತೆ ದೇಹ ಬರಬೇಕು ಎಂಬುದು ಪಕ್ಕದ ಮನೆಯ ಹೇಮಾಲಿಯ ವಾದ. ನನ್ನ ಹೆಂಡತಿ ಸುಮಾ ಯಾವ ಪುಸ್ತಕವನ್ನೂ ಕೊನೆಯ ಪುಟದಿಂದ ಆರಂಭಿಸುವವಳು. ಆ ನಾಯಕಿ ಹೋಮ್‌ವರ್ಕ್ ಯಾವಾಗ ಮಾಡುತ್ತಾಳೆ ಎಂಬುದಷ್ಟೇ ಅವಳ ಪ್ರಶ್ನೆ. ನಾನು ಕೆಲಸಕ್ಕೆ ಹೋಗುವ ಮೆಟ್ರೊಪಾಲಿಟನ್ ಲೈನಿನ ರೈಲಿನಲ್ಲಿ, ವೈದ್ಯಕೀಯ ಪತ್ರಿಕೆಯೊಂದರ ಒಳಗಿಟ್ಟುಕೊಂಡು ನಾಲ್ಕನ್ನೂ ಓದಿದ್ದೆ. ಮುಳುಗುವ ಪ್ರಸಂಗ ವೈದ್ಯಕೀಯವಾಗಿ ದುರ್ಬಲ ಎಂಬುದು ನನ್ನ ಅಭಿಪ್ರಾಯ. ಯಾರೂ ಕೇಳಲಿಲ್ಲ.

ಆ ಬೇಸಿಗೆಯಲ್ಲಿ ಮೈಸೂರಿನಿಂದ ಅಮ್ಮ ಬಂದರು. ಅನುಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆದರೆ ಅಜ್ಜಿಗೆ ನೆಡ್‌ನ ಕಥೆ ಹೇಳದೆ ಅವಳಿಗೆ ಇರಲಾಗಲಿಲ್ಲ. ಇದ್ದಬದ್ದ ಕನ್ನಡವನ್ನೆಲ್ಲ ಒಟ್ಟುಮಾಡಿ, ಸಾಲದ ಕಡೆ ಕೈಯಾಡಿಸಿ, ಅಡುಗೆಮನೆಯಲ್ಲಿ ಕೂತು ನಾಲ್ಕೂ ಭಾಗ ಹೇಳಿದಳು. ನಾವು ವರ್ಷಗಟ್ಟಲೆ ಗೋಗರೆದರೂ ಬಾರದ ಭಾಷೆ ಒಂದು ಇಂಗ್ಲಿಷ್ ದೆವ್ವದ ನೆಪದಲ್ಲಿ ಬಂತು. ಸುಮಾ ಮತ್ತು ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆವು.

ಅಮ್ಮ ಹುರುಳಿಕಾಯಿ ಮುರಿಯುತ್ತ ಪೂರ್ತಿ ಕೇಳಿ ತಮ್ಮ ವಿಮರ್ಶೆ ಹೇಳಿದರು. “ನೀರಿಗೆ ಬಿದ್ದು ಸತ್ತೋನು. ಹಿಂದೆ ಮುಂದೆ ಯಾರೂ ಇಲ್ಲ, ಕರ್ಮ ಮಾಡೋರಿಲ್ಲ. ಅಲೀದೆ ಇನ್ನೇನು ಮಾಡ್ತಾನೆ ಪಾಪ?”

ನೆಡ್ ಯಾಕೆ ಹೋಗಲಾರ ಎಂಬುದು ಆ ಸರಣಿಯ ಮುಖ್ಯ ರಹಸ್ಯ. ದೇಶದೇಶದ ಓದುಗರು ಅದಕ್ಕಾಗಿ ಪುಟಗಟ್ಟಲೆ ಬರೆದು ಜಗಳವಾಡುತ್ತಿದ್ದರು. ಅಮ್ಮ ಹುರುಳಿಕಾಯಿ ಮುಗಿಯುವುದರೊಳಗೆ ಅದನ್ನು ಬಿಡಿಸಿದ್ದರು.

ಮಹಾಲಯ ಅಮಾವಾಸ್ಯೆ ಬಂತು. ಪ್ರತಿ ವರ್ಷ ಆ ದಿನ ಕೆಲಸಕ್ಕೆ ಹೊರಡುವ ಮುಂಚೆ, ಹಿಂದುಗಡೆಯ ಗಾಜಿನ ಕೋಣೆಯಲ್ಲಿ ಹರಿವಾಣ ಇಟ್ಟುಕೊಂಡು ತೀರಿಹೋದ ನನ್ನ ತಂದೆಗೆ ತರ್ಪಣ ಬಿಡುತ್ತೇನೆ. ಮುಗಿಯುವ ಹೊತ್ತಿಗೆ ಅಮ್ಮ, “ಹಾಗೇ ಆ ನೆಡ್‌ಗೂ ಒಂದು ಬಿಟ್ಬಿಡಪ್ಪ” ಎಂದರು. ಅವನು ಕಲ್ಪನೆಯ ಪಾತ್ರ ಎಂದು ವಿವರಿಸಿದೆ.

“ಇರ್ಲಿ. ಎಳ್ಳು ಹೇಗೂ ಮಿಕ್ಕಿದೆ.”

ಗೋತ್ರ ಯಾವುದೆಂದು ಹೇಳಲಿ ಎಂದೆ. ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಎಂದರು. ನನ್ನಲ್ಲಿದ್ದ ಆಕ್ಷೇಪಣೆಗಳು ಅಲ್ಲಿಗೆ ಮುಗಿದವು. ಕಾಶ್ಯಪ ಗೋತ್ರದ ನೆಡ್‌ಗೆ ಎಳ್ಳುನೀರು ಬಿಟ್ಟೆ. ತಿರುಗಿ ನೋಡಿದರೆ ಶಾಲೆಯ ಬಟ್ಟೆ ತೊಟ್ಟು, ಕೈಯಲ್ಲಿ ಟೋಸ್ಟ್ ಹಿಡಿದು ಅನು ನಿಂತಿದ್ದಳು. ಏನು ಮಾಡುತ್ತಿದ್ದೀರಿ ಎಂದು ಕೇಳಿದಳು. ಅವನಿಗೆ ಹೋಗುವ ದಾರಿ ತೋರಿಸುತ್ತಿದ್ದೇವೆ ಎಂದೆ. ಉತ್ತರಿಸದೆ ನಾನು ರೈಲು ಹಿಡಿಯಲು ಓಡಬಹುದಿತ್ತು.

ಐದನೆಯ ಭಾಗ ಬಂದದ್ದು ಅದಾದ ಮೇಲೆ. ಅನು ಶನಿವಾರ ಓದಲು ಕೂತಳು, ಭಾನುವಾರ ಮಧ್ಯಾಹ್ನ ಕೆಳಗಿಳಿದು ಬಂದಳು. ಮುಖ ಊದಿತ್ತು. ಕೊನೆಯ ಅಧ್ಯಾಯದಲ್ಲಿ ನೆಡ್ ಹೊರಟುಹೋಗಿದ್ದ. ನದಿಯ ದಡದಲ್ಲಿ, ನಾಯಕಿಯ ಕಣ್ಣೆದುರಿಗೇ, ತಾನು ಹಚ್ಚಿದ ದೀಪ ತಾನೇ ಆರಿಸಿ.

“ಹ್ಯಾಪಿ ನೌ?” ಎಂದು ನನ್ನನ್ನು ಕೇಳಿದಳು.

ಪುಸ್ತಕ ಅಚ್ಚಾಗುವ ಕ್ರಮವನ್ನು ನಾನು ಸಾವಧಾನವಾಗಿ ವಿವರಿಸಿದೆ. ನಾನು ನೀರು ಬಿಡುವುದಕ್ಕೆ ಬಹಳ ಮುಂಚೆಯೇ ಅದನ್ನು ಬರೆದಾಗಿತ್ತು, ನಮ್ಮ ಎಳ್ಳುನೀರಿನಿಂದ ಏನೂ ಆಗಿಲ್ಲ ಎಂದೆ. ಅವಳು ಯೋಚಿಸಿದಳು. “ಸೋ ಇಟ್ ಡಸಂಟ್ ವರ್ಕ್. ದೆನ್ ತಾತನಿಗೆ ಯಾಕೆ ಮಾಡ್ತೀಯ?”

ಅಮ್ಮ ಅಲ್ಲಿಯೇ ಟವೆಲ್ ಮಡಿಸುತ್ತಿದ್ದರು. ಮಡಿಸುವುದನ್ನು ನಿಲ್ಲಿಸಿದರು. ನನ್ನ ಮುಂದೆ ಎರಡು ದಾರಿಗಳಿದ್ದವು. ಒಂದರಲ್ಲಿ ತಂದೆಗೆ ಅವಮಾನ, ಇನ್ನೊಂದರಲ್ಲಿ ನೆಡ್‌ನ ಕೊಲೆ. ಕೊಲೆಯನ್ನು ಆರಿಸಿಕೊಂಡೆ. ನೀರು ಕೆಲಸ ಮಾಡಿಲ್ಲವೆಂದು ಹೇಳಲಾಗದು ಎಂದೆ.

ಆ ಸಂಜೆ ಐದನೆಯ ಭಾಗಕ್ಕೆ ಇಂಟರ್‌ನೆಟ್ಟಿನಲ್ಲಿ ಒಂದೇ ನಕ್ಷತ್ರ ಬಿತ್ತು. ಕೆಳಗೆ ಒಂದು ಸಾಲು: ಇದು ನನ್ನ ಅಪ್ಪ ಮಾಡಿದ್ದು, ಒಪ್ಪಿಕೊಂಡಿದ್ದಾರೆ. ಕೆನಡಾದ ಓದುಗರೊಬ್ಬರು, ನಿಮ್ಮ ತಂದೆ ಪ್ರಕಾಶಕರ ಕಚೇರಿಯಲ್ಲಿದ್ದಾರೆಯೇ ಎಂದು ವಿಚಾರಿಸಿದರು. ಇಲ್ಲ, ಆಸ್ಪತ್ರೆಯಲ್ಲಿದ್ದಾರೆ ಎಂದು ಅನು ಉತ್ತರಿಸಿದಳು. ಬೇಗ ಗುಣಮುಖರಾಗಲಿ ಎಂದು ಅವರು ಹಾರೈಸಿದರು.

ಮನೆಯಲ್ಲಿ ಕನ್ನಡ ನಿಂತುಹೋಯಿತು. ಅನು ಅಡುಗೆಮನೆಯ ಕಡೆ ಸುಳಿಯಲಿಲ್ಲ. ಅಮ್ಮ ಊರಿಗೆ ಹೊರಡುವ ದಿನ ಹತ್ತಿರವಾಗುತ್ತಿತ್ತು, ತರಕಾರಿ ಹೆಚ್ಚುವ ಸದ್ದು ಮಾತ್ರ ಕೇಳುತ್ತಿತ್ತು. ಮಗು ನನ್ನನ್ನು ಹೀಗೇ ಮಾತಿಲ್ಲದೆ ಕಳಿಸಿಬಿಡುತ್ತಾಳೇನೋ ಎಂದು ಅಮ್ಮ ಸುಮಾಳ ಹತ್ತಿರ ಹೇಳಿದರಂತೆ. ಪೆಟ್ಟಿಗೆ ಕಟ್ಟುವ ದಿನ ಅವರೇ ಮೊಣಕಾಲು ನೋವಿನಲ್ಲಿ ಮೆಟ್ಟಿಲು ಹತ್ತಿ ಅನುವಿನ ಕೋಣೆಗೆ ಹೋದರು. ನಾನು ಪೆಟ್ಟಿಗೆ ಹಿಡಿದು ಹೊರಗೆ ನಿಂತಿದ್ದೆ.

“ಹೋಗೋದು ಅಂದ್ರೆ ಪೂರ್ತಿ ಹೋಗೋದಲ್ಲ ಕಣೇ,” ಎಂದರು ಅಮ್ಮ. “ಸುಮ್ನೆ ಅಲೀತಿದ್ದೋನು ಇನ್ಮೇಲೆ ವರ್ಷಕ್ಕೊಂದ್ಸಲ ನಮ್ಮನೆಗೆ ಊಟಕ್ಕೆ ಬರ್ತಾನೆ. ನಿಮ್ಮ ತಾತ ಬರಲ್ವೇ?”

ಅನು ಕನ್ನಡದಲ್ಲಿ ಕೇಳಿದಳು. “ನೆಡ್‌ಗೆ ಊಟಕ್ಕೆ ಏನು ಮಾಡ್ತೀರ?”

“ಅದನ್ನ ನೀನೇ ಹೇಳ್ಬೇಕು. ಓದಿರೋಳು ನೀನು.”

ಬೀದಿಯಲ್ಲಿ ಮಾರುವ ಸುಟ್ಟ ಆಲೂಗಡ್ಡೆ ಅವನಿಗೆ ಪ್ರಾಣ, ಎರಡನೆಯ ಭಾಗದಲ್ಲಿದೆ ಎಂದಳು ಅನು. ಪಿತೃಗಳ ಅಡುಗೆಗೆ ನಮ್ಮಲ್ಲಿ ಆಲೂಗಡ್ಡೆ ಸೇರಿಸುವುದಿಲ್ಲ. ಅದು ಇಂಗ್ಲಿಷ್ ತರಕಾರಿ. ಅಮ್ಮ ಈ ವಿಷಯದಲ್ಲಿ ಯಾರಿಗೂ ರಿಯಾಯಿತಿ ಕೊಟ್ಟವರಲ್ಲ.

“ಅವನ ಊರಿನ ತರಕಾರಿ ತಾನೆ,” ಎಂದರು ಕೊನೆಗೆ. “ಅವನಿಗೆ ನಡೆಯತ್ತೆ.”

ಐದನೆಯ ಭಾಗಕ್ಕೆ ಈಗ ಮೂರು ನಕ್ಷತ್ರಗಳಿವೆ. ಅಂದಿನಿಂದ ಪ್ರತಿ ಮಹಾಲಯಕ್ಕೂ ತಂದೆಯ ವಡೆ, ಪಾಯಸದ ಎಲೆಯ ಪಕ್ಕದಲ್ಲಿ ಒಂದು ಸುಟ್ಟ ಆಲೂಗಡ್ಡೆ ಇರುತ್ತದೆ. ಮೈಸೂರಿನಿಂದ ಅಮ್ಮ ಫೋನ್ ಮಾಡಿ, ಎಳ್ಳುನೀರು ಬಿಟ್ಟೆಯಾ ಎಂದು ನನ್ನನ್ನು ಕೇಳಿ, ಆಮೇಲೆ ಅನುವನ್ನು ಕರೆಯುತ್ತಾರೆ. ಇಬ್ಬರೂ ಕನ್ನಡದಲ್ಲಿ ನೆಡ್‌ನ ಯೋಗಕ್ಷೇಮ ಮಾತಾಡಿಕೊಳ್ಳುತ್ತಾರೆ. ಬದುಕಿದ್ದಾಗ ಗುರುತಿಲ್ಲದವರ ಪಂಕ್ತಿಯಲ್ಲಿ ಕೂರಲು ಒಪ್ಪದಿದ್ದ ನನ್ನ ತಂದೆಯವರ ಅಭಿಪ್ರಾಯ ಮಾತ್ರ ಇನ್ನೂ ತಿಳಿದಿಲ್ಲ.

ಮೊನ್ನೆ ಆಸ್ಪತ್ರೆಯಲ್ಲಿ ಸಹೋದ್ಯೋಗಿಯೊಬ್ಬರು, ಮಗನ ಹುಟ್ಟುಹಬ್ಬಕ್ಕೆ ಆ ಸರಣಿ ಕೊಡಿಸಬೇಕೆಂದಿದ್ದೇನೆ, ಹಿಂದೆ ನೀವು ಟ್ಯೂಬಿನಲ್ಲಿ ಪತ್ರಿಕೆಯೊಳಗಿಟ್ಟು ಅದನ್ನು ಓದುವುದನ್ನು ನೋಡಿದ್ದೆ, ಹೇಗಿದೆ ಎಂದು ಕೇಳಿದರು. ಕಡೆಗೂ ಒಬ್ಬರು ನನ್ನ ಅಭಿಪ್ರಾಯ ಕೇಳಿದ್ದರು. ಮುಳುಗುವ ಪ್ರಸಂಗದ ಬಗ್ಗೆ ಹೇಳಲು ಬಾಯಿ ತೆರೆದೆ. ಆಗಲಿಲ್ಲ. ಅದರಲ್ಲಿ ನಮ್ಮ ಮನೆಯವರೊಬ್ಬರು ಇದ್ದಾರೆ, ನಾನು ಏನು ಹೇಳಿದರೂ ಪಕ್ಷಪಾತವಾದೀತು ಎಂದು ಕ್ಷಮೆ ಕೇಳಿದೆ.