ಕಿಟ್ಟ ಸೇತುವೆಯ ಮೇಲೆ ನಿಂತ ಭಾನುವಾರ

ಪ್ರತಿ ಮನೆಯಲ್ಲೂ ಒಬ್ಬೊಬ್ಬರಿಗೆ ಒಂದೊಂದು ಖಾತೆ ಇರುತ್ತದೆ. ನಮ್ಮ ಮನೆಯಲ್ಲಿ ಅಡುಗೆ, ಹಣಕಾಸು ಮತ್ತು ವಿದೇಶಾಂಗ, ಅಂದರೆ ನೆಂಟರಿಷ್ಟರ ವ್ಯವಹಾರ, ಮೂರೂ ನನ್ನ ಹೆಂಡತಿ ಸುಮಿತ್ರಾಳ ಕೈಯಲ್ಲಿವೆ. ಬೈಯುವ ಖಾತೆ ನನ್ನ ಸೋದರತ್ತೆ ಸೀತತ್ತೆಯವರದು. ನನಗೆ ಉಳಿದಿರುವುದು ಚಿಂತೆಯ ಖಾತೆ ಒಂದೇ. ಅದನ್ನು ಯಾರೂ ನನಗೆ ಕೊಟ್ಟದ್ದಲ್ಲ, ನಾನಾಗಿಯೇ ವಹಿಸಿಕೊಂಡದ್ದು. ಬೀಗ ಹಾಕಿ ಬನಶಂಕರಿಯವರೆಗೆ ಹೋದ ಮೇಲೆ, ಗ್ಯಾಸ್ ಆರಿಸಿದ್ದೇವೋ ಇಲ್ಲವೋ ಎಂದು ನೋಡಲು ಆಟೋ ತಿರುಗಿಸಿಕೊಂಡು ಪದ್ಮನಾಭನಗರಕ್ಕೆ ವಾಪಸು ಬರುವವನು ನಾನು. ಆರಿಸಿರುವುದು ಕಂಡರೆ ನೆಮ್ಮದಿಯಾಗಬೇಕಲ್ಲವೇ? ಆಗುವುದಿಲ್ಲ. ಹಾಗಾದರೆ ನಲ್ಲಿ ಬಿಟ್ಟಿದ್ದೇವೇನೋ ಎಂದು ಬಚ್ಚಲಿಗೆ ಓಡುತ್ತೇನೆ. ಇಂಥವನ ಮನೆಗೆ ಮೀನಿನ ತೊಟ್ಟಿ ತರಬಾರದಿತ್ತು. ಒಂದು ತೊಟ್ಟಿಯನ್ನು ಇನ್ನೊಂದಕ್ಕೆ ಜೋಡಿಸುವ ಯೋಚನೆಯಂತೂ ಅಂಥವನ ತಲೆಗೆ ಬರಲೇಬಾರದಿತ್ತು.

ಮೊದಲನೆಯ ತೊಟ್ಟಿ ಬಂದದ್ದು ನಾನು ಸ್ಕೂಟರಿನಿಂದ ಬಿದ್ದ ಮೇಲೆ. ಎದುರು ಮನೆಯ ಆಂಟಿ ಬಂದು, ಮನೆಯ ಈಶಾನ್ಯದಲ್ಲಿ ಮೀನು ಇಡಿ, ಎಂಟು ಹೊನ್ನಿನ ಬಣ್ಣದ್ದು, ಒಂದು ಕರಿಯದು, ಮನೆಗೆ ಬರುವ ಕೆಟ್ಟದ್ದನ್ನೆಲ್ಲ ಕರಿ ಮೀನು ತನ್ನ ಮೇಲೆ ತೆಗೆದುಕೊಳ್ಳುತ್ತದೆ ಎಂದು ಸೀತತ್ತೆಗೆ ಹೇಳಿ ಹೋದರು. ಮರುದಿನವೇ ಜಯನಗರದ ಮೀನಿನ ಅಂಗಡಿಯಿಂದ ಒಂಬತ್ತು ಮೀನುಗಳು ಪ್ಲಾಸ್ಟಿಕ್ ಚೀಲದಲ್ಲಿ ಕೂತು ಬಂದವು. ಕರಿಯದಕ್ಕೆ ಸೀತತ್ತೆ ಕಿಟ್ಟ ಎಂದು ಹೆಸರಿಟ್ಟರು. ಗುಡಾಣದಂಥ ಹೊಟ್ಟೆ, ಹೊರಗೆ ಚಾಚಿದ ಕಣ್ಣು, ಯಾವ ಕೆಲಸಕ್ಕೂ ಅವಸರವಿಲ್ಲದ ನಡೆ. ನಮ್ಮ ಆಫೀಸಿನಲ್ಲಿ ನಿವೃತ್ತಿಯ ಅಂಚಿನಲ್ಲಿದ್ದ ಸೂಪರಿಂಟೆಂಡೆಂಟರು ಹೀಗೆಯೇ ಇದ್ದರು. ಅವರೂ ಇಲಾಖೆಯ ಕೆಟ್ಟದ್ದನ್ನೆಲ್ಲ ತಮ್ಮ ಮೇಲೆ ತೆಗೆದುಕೊಂಡೇ ಹೋದರು ಎನ್ನುತ್ತಾರೆ.

ಎರಡನೆಯ ತೊಟ್ಟಿ ನಮ್ಮ ಮಹಡಿಯ ಬಾಡಿಗೆದಾರ ಬಸವರಾಜನದು. ಗದಗಿನ ಕಡೆಯ ಹುಡುಗ. ಆಫೀಸಿಗೆ ಹತ್ತಿರವಾಗಲಿ ಎಂದು ಬಿಟಿಎಂ ಬಡಾವಣೆಗೆ ಮನೆ ಬದಲಾಯಿಸುವಾಗ ತೊಟ್ಟಿಯನ್ನು ಎರಡೂ ಕೈಯಲ್ಲಿ ಹೊತ್ತುಕೊಂಡು ಇಳಿದು ಬಂದ.

"ಸರ್ರ, ಇದನ್ನ ನೀವ ಇಟ್ಕೋರಿ. ಅಲ್ಲಿ ಮನಿ ಭಾಳ ಸಣ್ಣದೈತ್ರಿ. ಮೀನಿಗೆ ಜಾಗಾ ಮಾಡಿದ್ರ ನಾವು ಹೊರಗ ಮಲಗಬೇಕಾಗ್ತದ."

ಅದರಲ್ಲಿ ಒಂದೇ ಒಂದು ಹೊನ್ನಿನ ಬಣ್ಣದ ಮೀನಿತ್ತು. ಅದು ಇಡೀ ದಿನ ಗಾಜಿಗೆ ಮೂತಿ ಒತ್ತಿಕೊಂಡು ನಮ್ಮ ಒಂಬತ್ತನ್ನು ನೋಡುತ್ತಾ ನಿಲ್ಲುತ್ತಿತ್ತು. ಮದುವೆ ಮನೆಯಲ್ಲಿ ಊಟದ ಪಂಕ್ತಿಯ ಹೊರಗೆ ಕಾಯುವವನ ಹಾಗೆ. ನನಗೆ ನೋಡಲಾಗಲಿಲ್ಲ. ತೆಗೆದು ದೊಡ್ಡ ತೊಟ್ಟಿಗೆ ಹಾಕೋಣವೆಂದರೆ ಸೀತತ್ತೆ ಒಪ್ಪಲಿಲ್ಲ. "ಒಂಬತ್ತು ಅಂದ್ರೆ ಒಂಬತ್ತು. ಹತ್ತು ಮಾಡಿದ್ರೆ ಕಿಟ್ಟ ಯಾರ್ಯಾರದು ಅಂತ ಹೊರ್ತಾನೆ?" ಎಂದರು.

ನಾನು ಸರ್ಕಾರಿ ನೌಕರಿ ಮಾಡಿದವನು. ಇಂಥ ಇಕ್ಕಟ್ಟಿಗೆಂದೇ ಅಲ್ಲಿ ಎರವಲು ಸೇವೆ ಎಂಬುದೊಂದಿದೆ. ಮನುಷ್ಯ ಒಂದು ಕಡೆ ದುಡಿಯುತ್ತಾನೆ, ಹಾಜರಿ ಮಾತ್ರ ಇನ್ನೊಂದು ಕಡೆ. ಎರಡು ತೊಟ್ಟಿಗಳ ನಡುವೆ ನೀರಿನದೇ ಒಂದು ಸೇತುವೆ ಕಟ್ಟಿದರೆ ಆ ಒಂಟಿ ಮೀನು ಬಂದು ಹೋಗಿ ಮಾಡಬಹುದು, ಲೆಕ್ಕದ ಪ್ರಕಾರ ಅದು ತನ್ನ ತೊಟ್ಟಿಯದೇ. ಮೊಬೈಲಿನಲ್ಲಿ ಯಾರೋ ಮಾಡಿದ್ದನ್ನು ನೋಡಿದ್ದೆ. ಗಾಜಿನಂಥ ಅಕ್ರಿಲಿಕ್ಕಿನ ಅಗಲವಾದ ಕೊಳವೆ, ಬಾಗಿಲ ಚೌಕಟ್ಟಿನಂತೆ ಎರಡು ಕಾಲು, ಮೇಲೊಂದು ಅಡ್ಡಪಟ್ಟಿ, ಮೂರೂ ಒಳಗೆ ಟೊಳ್ಳು. ಒಂದೊಂದು ಕಾಲನ್ನು ಒಂದೊಂದು ತೊಟ್ಟಿಯಲ್ಲಿ ಮುಳುಗಿಸಿ, ಮೇಲಿನ ಸಣ್ಣ ತೂತಿಗೆ ಒಂದು ಸಪೂರ ಪೈಪು ಸಿಕ್ಕಿಸಿ ಒಳಗಿನ ಗಾಳಿಯನ್ನೆಲ್ಲ ಎಳೆದುಬಿಟ್ಟರೆ ನೀರು ತಾನೇ ಮೇಲೇರಿ ಕೊಳವೆ ತುಂಬುತ್ತದೆ. ಆಮೇಲೆ ಆ ಪೈಪನ್ನು ಮಡಚಿ ಗಾಳಿ ಹೋಗದಂತೆ ಬಿಗಿದರೆ ಆಯಿತು, ನೀರು ಅಲ್ಲೇ ನಿಲ್ಲುತ್ತದೆ. ಚೌಕಟ್ಟನ್ನು ಬನಶಂಕರಿಯಲ್ಲಿ ನಾಮಫಲಕ ಮಾಡುವ ಅಂಗಡಿಯಲ್ಲಿ ಹೇಳಿ ಮಾಡಿಸಿದೆ. "ಸಾರ್, ಇದರ ಮೇಲೆ ಏನ್ ಬರೀಬೇಕು?" ಎಂದು ಅವನು ಕೇಳಿದ. ಏನೂ ಬೇಡಪ್ಪ, ಇದರೊಳಗೆ ಮೀನು ಓಡಾಡುತ್ತೆ ಎಂದೆ. ಮತ್ತೆ ಅವನು ನನ್ನ ಜೊತೆ ಮಾತಾಡಲಿಲ್ಲ.

ತೊಟ್ಟಿಗಳ ನೀರು ಒಂದೇ ಮಟ್ಟದಲ್ಲಿರಬೇಕು, ಇಲ್ಲದಿದ್ದರೆ ಮೇಲಿನದರ ನೀರೆಲ್ಲ ಕೆಳಗಿನದಕ್ಕೆ ಇಳಿದು ಹಾಲ್ ತುಂಬ ಹರಿಯುತ್ತದೆ. ಈ ಚಿಂತೆಯಲ್ಲಿ ನಾನು ಎರಡನೆಯ ತೊಟ್ಟಿಯ ಕೆಳಗೆ ಇಟ್ಟಿಗೆ, ಇಟ್ಟಿಗೆಯ ಮೇಲೆ ಹಲಗೆ, ಹಲಗೆಯ ಮೇಲೆ ಮಡಚಿದ ಗೋಣಿ ಇಟ್ಟು ಎತ್ತರಿಸಿದೆ. ಗಾಳಿ ಎಳೆದು, ಪೈಪು ಮಡಚಿ, ಸುಮಿತ್ರಾ ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಬಿಗಿದೆ. ನೀರು ನಿಂತಿತು. ಅದರ ಜೊತೆಗೆ ನನ್ನ ಊಟ ನಿದ್ದೆಯೂ ನಿಂತವು. ಇಡೀ ಮನೆಯ ಕ್ಷೇಮ ಒಂದು ಬಟ್ಟೆ ಕ್ಲಿಪ್ಪಿನ ಮೇಲೆ ನಿಂತಿದೆ ಎಂದು ಗೊತ್ತಿದ್ದೂ ನಿದ್ದೆ ಮಾಡುವವರಿದ್ದಾರೆ. ಸುಮಿತ್ರಾ ಮಾಡುತ್ತಾಳೆ.

ಈಗ ನಿಜವಾದ ಚಿಂತೆಗೆ ಬರುತ್ತೇನೆ. ಸೀತತ್ತೆಯವರ ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಸಕ್ಕರೆಯೆಂದು ಕಾಫಿಗೆ ಪುಡಿಯುಪ್ಪು ಹಾಕುತ್ತಿದ್ದರು. ಕೊಕ್ಕೆಗೆ ನೇತುಹಾಕಿದ ನನ್ನ ರೇನ್‌ಕೋಟನ್ನು ನೋಡಿ "ಬನ್ನಿ, ಯಾವಾಗ ಬಂದ್ರಿ? ಕೂತ್ಕೊಳ್ಳಿ" ಎಂದಿದ್ದರು. ಇನ್ನೂ ತಡ ಮಾಡಿದರೆ ಪೊರೆ ಗಟ್ಟಿಯಾಗಿ ಕಷ್ಟವಾಗುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಹೇಗೋ ಏನೋ ದಿನ ಮುಂದೆ ಮುಂದೆ ಹೋಗುತ್ತಲೇ ಇತ್ತು. ಕೊನೆಗೆ ಒಂದು ಸೋಮವಾರ ಮೊದಲ ಕಣ್ಣಿನ ಆಪರೇಷನ್ ಎಂದು ನಿಗದಿಯಾಯಿತು. ಆಗ ಸೀತತ್ತೆ ನನ್ನನ್ನು ಕರೆದು ಒಂದೇ ಒಂದು ಷರತ್ತು ಹಾಕಿದರು.

"ನೋಡು ಪುಟ್ಟು, ಸೋಮವಾರದ ತನಕ ಕಿಟ್ಟ ಚೆನ್ನಾಗಿರಬೇಕು. ಅವನಿಗೇನಾದ್ರೂ ಆದ್ರೆ ನಾನು ಬರಲ್ಲ. ಅವನ ಜವಾಬ್ದಾರಿ ನಿಂದು."

ಅರವತ್ತಾದರೂ ಅವರಿಗೆ ನಾನು ಪುಟ್ಟುವೇ. ನಮ್ಮಮ್ಮ ಹೋದ ಮೇಲೆ ನನ್ನನ್ನು ಸಾಕಿದವರು ಅವರು. ಅವರ ಕಣ್ಣು ಈಗ ಒಂದು ಮೀನಿನ ಆಯುಸ್ಸಿಗೆ ಗಂಟು ಬಿದ್ದಿತ್ತು. ಆ ಮೀನು ನಾನು ಕಟ್ಟಿದ ಸೇತುವೆಯ ಪಕ್ಕದಲ್ಲೇ ಓಡಾಡುತ್ತಿತ್ತು.

ಸೇತುವೆ ಕಟ್ಟಿದ್ದು ಒಂಟಿ ಮೀನಿಗಾಗಿ. ಅದು ಅತ್ತ ತಲೆ ಹಾಕಿಯೂ ನೋಡಲಿಲ್ಲ. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಬಂದು ನೋಡುತ್ತೇನೆ, ಕಿಟ್ಟ ಸೇತುವೆಯ ಅಡ್ಡಪಟ್ಟಿಯ ನಟ್ಟನಡುವೆ ನಿಂತಿದ್ದಾನೆ! ಅಷ್ಟು ಹೊಟ್ಟೆ ಹೊತ್ತುಕೊಂಡು ಹೇಗೆ ಹತ್ತಿದನೋ. ಅಲ್ಲಿಂದ ಇಡೀ ಹಾಲ್ ಕಾಣುತ್ತದೆ, ಟೀವಿಯೂ ಕಾಣುತ್ತದೆ. ಇಳಿಯುವ ಲಕ್ಷಣವೇ ಇರಲಿಲ್ಲ.

ಇರಲಿ ಎಂದುಕೊಂಡರೆ ಅಡ್ಡಪಟ್ಟಿಯ ಮೇಲ್ಭಾಗದಲ್ಲಿ ನಾಣ್ಯದಷ್ಟು ಅಗಲದ ಗಾಳಿ ಗುಳ್ಳೆಯೊಂದು ಕಂಡಿತು. ತೊಟ್ಟಿಗೆ ಗಾಳಿ ಊದುವ ಪಂಪಿನ ಗುಳ್ಳೆಗಳು ಸೇತುವೆಯ ಕಾಲಿನೊಳಗೆ ನುಗ್ಗಿ ಮೇಲೆ ಸೇರುತ್ತಿದ್ದವು. ನೋಡುತ್ತಿದ್ದಂತೆ ನಾಣ್ಯ ಅಂಗೈಯಾಯಿತು. ಕಿಟ್ಟನ ಬೆನ್ನಿನ ರೆಕ್ಕೆ ನೀರಿನಿಂದ ಹೊರಗೆ ಬಂತು. ಪಂಪು ಆರಿಸಿದೆ. ಆರಿಸಿದೊಡನೆ ಕೆಳಗಿನ ಎಂಟಕ್ಕೆ ಉಸಿರು ಕಟ್ಟಿದರೆ ಎಂಬ ಭಯ. ಮತ್ತೆ ಹಾಕಿದೆ. ಗುಳ್ಳೆ ಇನ್ನಷ್ಟು ದೊಡ್ಡದಾಯಿತು. ಕೊಳವೆ ಬಗ್ಗಿಸೋಣವೆಂದರೆ ನೀರೆಲ್ಲ ಒಮ್ಮೆಗೇ ಇಳಿದು ಕಿಟ್ಟ ಒಣ ಅಡ್ಡಪಟ್ಟಿಯ ಮೇಲೆ ಉಳಿದುಬಿಟ್ಟರೆ?

"ರೀ, ಬೇಯಿಸಿದ ಬಟಾಣಿ ತೋರಿಸಿ, ಇಳೀತಾನೆ," ಎಂದಳು ಸುಮಿತ್ರಾ.

ತೋರಿಸಿದೆ. ಕೆಳಗಿನ ಎಂಟೂ ಓಡಿ ಬಂದವು. ಕಿಟ್ಟ ಕಣ್ಣು ಕೂಡ ಹೊರಳಿಸಲಿಲ್ಲ.

ಅಷ್ಟರಲ್ಲಿ ಸೀತತ್ತೆ ದೇವರ ಮನೆಯಿಂದ ಬಂದು, ತೊಟ್ಟಿಗೆ ಮೂಗು ತಾಕುವಷ್ಟು ಬಗ್ಗಿ ನೋಡಿದರು. "ಕಿಟ್ಟ ಕಾಣ್ತಿಲ್ವಲ್ಲೋ?"

"ಆ ಗಿಡದ ಹಿಂದೆ ಇದಾನೆ, ಅತ್ತೆ."

"ಯಾಕೆ ನಿನ್ನ ದನಿ ನಡುಗ್ತಿದೆ?"

"ಚಳಿ."

"ಈ ಬೇಸಗೇಲಿ?" ಎಂದು ಅವರು ಕುರ್ಚಿಯಲ್ಲಿ ಕೂತೇಬಿಟ್ಟರು. ಏಳುವ ಹಾಗೆ ಕಾಣಲಿಲ್ಲ.

ಇನ್ನು ಉಳಿದದ್ದು ಒಂದೇ ದಾರಿ, ಗಾಳಿಯನ್ನು ಮತ್ತೆ ಎಳೆಯುವುದು. ಸ್ಟೂಲಿನ ಮೇಲೆ ಹತ್ತಿ, ಕ್ಲಿಪ್ಪು ಬಿಚ್ಚಿ, ಪೈಪನ್ನು ಬಾಯಿಗಿಟ್ಟು ಮೆಲ್ಲಗೆ ಎಳೆಯತೊಡಗಿದೆ. ಜೋರಾಗಿ ಎಳೆದರೆ ಮೀನಿನ ನೀರು ಹೊಟ್ಟೆಗೆ ಹೋಗುತ್ತದೆ, ಮೆಲ್ಲಗೆ ಎಳೆದರೆ ಕೆಲಸ ಆಗುವುದಿಲ್ಲ. ಗುಳ್ಳೆ ಕರಗುತ್ತಾ ಬಂತು. ಕಿಟ್ಟನ ಬೆನ್ನು ಮತ್ತೆ ಮುಳುಗಿತು. ಇನ್ನೊಂದೇ ಉಸಿರು ಎನ್ನುವಾಗ ಹಿಂದಿನಿಂದ ಸೀತತ್ತೆಯವರ ದನಿ ಗುಡುಗಿತು.

"ಪುಟ್ಟು! ಅಲ್ಲಿ ನಿಂತ್ಕೊಂಡು ಏನೋ ಕುಡೀತಿದೀಯ?"

ಹಿರಿಯರು ಕೇಳಿದರೆ ಕೂಡಲೇ ಉತ್ತರ ಕೊಡಬೇಕೆಂದು ನನಗೆ ಕಲಿಸಿದವರು ಅವರೇ. "ಏನಿಲ್ಲ ಅತ್ತೆ" ಎಂದು ಬಾಯಿ ತೆರೆದೆ. ಪೈಪು ಬಾಯಿಂದ ಜಾರಿತು, ಗಾಳಿ ಸುಯ್ಯೆಂದು ಒಳಕ್ಕೆ ನುಗ್ಗಿತು. ಸೇತುವೆಯ ನೀರು ಎರಡೂ ಕಾಲಿನಲ್ಲಿ ದಬದಬನೆ ಇಳಿದುಹೋಯಿತು. ಕಿಟ್ಟ ಒಂದು ಕ್ಷಣ ಖಾಲಿ ಅಡ್ಡಪಟ್ಟಿಯ ಮೇಲೆ ಮಗ್ಗುಲಾಗಿ ಬಿದ್ದಿದ್ದ. ಆ ಒಂದು ಕ್ಷಣದಲ್ಲಿ ಸೀತತ್ತೆ ಗೋಡೆ ಹಿಡಿದು ತಡಕಾಡಿ ನಡೆಯುವ ಮುಂದಿನ ವರ್ಷಗಳನ್ನೆಲ್ಲ ನಾನು ನೋಡಿಬಿಟ್ಟೆ. ಆಮೇಲೆ ಅವನು ಬಾಲವನ್ನು ಒಮ್ಮೆ ಪಟ್ಟೆಂದು ಬಡಿದು, ಜಾರಿ, ಆ ಕಡೆಯ ಕಾಲಿನಲ್ಲಿ ಇಳಿದು ಪ್ಲಕ್ ಎಂದು ಒಂಟಿ ಮೀನಿನ ತೊಟ್ಟಿಗೆ ಬಿದ್ದ. ಬಿದ್ದವನು ಏನೂ ಆಗದವನಂತೆ ಮರಳಿನಲ್ಲಿ ಮೂತಿ ಹಾಕಿ ತಿನ್ನಲು ಹುಡುಕತೊಡಗಿದ.

ನಾನು ಸ್ಟೂಲಿನಿಂದ ಇಳಿದು ಎಲ್ಲವನ್ನೂ ಒಪ್ಪಿಕೊಂಡೆ. ಸೀತತ್ತೆ ಕೇಳಿ, "ಹೋಗ್ಲಿ ಬಿಡು. ಆ ಒಂಟಿಗೂ ಯಾರಾದ್ರೂ ಬೇಡ್ವಾ?" ಎಂದು ಬತ್ತಿ ಹೊಸೆಯಲು ಕೂತರು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಮೀನು ಬದುಕಿದೆ, ಸರಿ, ಜಾಗ ಬದಲಾಯಿತಲ್ಲ! ಹಿತ್ತಲಿಗೆ ಹೋಗಿ ಗುಟ್ಟಾಗಿ ಮೀನಿನ ಅಂಗಡಿಗೆ ಫೋನ್ ಮಾಡಿ, ಕರಿ ಮೀನು ಪಕ್ಕದ ತೊಟ್ಟಿಯಲ್ಲಿದ್ದರೆ ಅದರ ಶಕ್ತಿ ನಡೆಯುತ್ತದೆಯೇ ಎಂದು ಕೇಳಿದೆ.

"ಒಂದೇ ಹಾಲ್ ತಾನೆ ಸಾರ್? ವೈಫೈ ಇದ್ದಂಗೆ. ಫುಲ್ ಕವರ್ ಆಗತ್ತೆ, ಟೆನ್ಷನ್ ತಗೋಬೇಡಿ."

ಹಾಲಿನಿಂದ ಜಯನಗರದ ಕಣ್ಣಾಸ್ಪತ್ರೆಯವರೆಗೆ ಸಿಗುತ್ತದೆಯೇ ಎಂದು ಕೇಳಬೇಕೆನ್ನುವಷ್ಟರಲ್ಲಿ ಅವನು ಇಟ್ಟುಬಿಟ್ಟ.

ಸೋಮವಾರ ಆಸ್ಪತ್ರೆಯಲ್ಲಿ ನಮ್ಮ ಸರದಿ ಬಂದಾಗ ಇಬ್ಬರೂ ಎದ್ದೆವು. ಸಿಸ್ಟರು ಬಂದು ನೇರ ನನ್ನ ತೋಳು ಹಿಡಿದು, "ಬನ್ನಿ ಅಂಕಲ್, ಭಯ ಪಡಬೇಡಿ, ಕಣ್ಣಿಗೆ ಡ್ರಾಪ್ಸ್ ಹಾಕೋದು ಅಷ್ಟೇ" ಎಂದರು. ನನ್ನ ಅಂಗಿ ಬೆವರಿನಲ್ಲಿ ತೊಯ್ದು ಹೋಗಿತ್ತು.

"ಅವನಲ್ಲಮ್ಮ, ನಾನು," ಎಂದರು ಸೀತತ್ತೆ. ಒಳಗೆ ಹೋಗುತ್ತಾ ಆಕೆಗೆ ಹೇಳುತ್ತಿದ್ದದ್ದು ನನಗೂ ಕೇಳಿಸಿತು. "ಎರಡು ವರ್ಷದಿಂದ ನಾನು ರೆಡಿ. ಒಂದ್ಸಲ ನಾನು ಸೀನಿದೆ ಅಂತ ಇವನು ಮುಂದೆ ಹಾಕಿದ. ಇನ್ನೊಂದ್ಸಲ ಡಾಕ್ಟರ ಕೈ ನಡುಗಿದ ಹಾಗಿತ್ತು ಅಂತ. ಸುಮ್ನೆ ಕೂತ್ರೆ ಇನ್ನೂ ಏನೇನೋ ಕಲ್ಪಿಸ್ಕೊಳ್ತಾನೆ. ಅದಕ್ಕೇ ಈ ಸಲ ಒಂದು ಮೀನು ನೋಡ್ಕೋ ಅಂತ ಕೊಟ್ಟಿದ್ದೆ."

ಬಾಗಿಲು ಮುಚ್ಚಿಕೊಂಡಿತು. ಕೋಪ ಬರಬೇಕಿತ್ತು, ಬರಲಿಲ್ಲ. ಅದಕ್ಕೆ ಪುರುಸೊತ್ತಿರಲಿಲ್ಲ. ಸುಮಿತ್ರಾಳಿಗೆ ಫೋನ್ ಮಾಡಿ ಕಿಟ್ಟ ಏನು ಮಾಡುತ್ತಿದ್ದಾನೆಂದು ಕೇಳುತ್ತಿದ್ದೆ. ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಸೀತತ್ತೆ ಕಣ್ಣಿಗೆ ಮುಚ್ಚಳ ಹಾಕಿಸಿಕೊಂಡು ತಾವೇ ನಡೆದು ಬಂದರು.

ಮರುದಿನ ಡಾಕ್ಟರು ಮುಚ್ಚಳ ತೆಗೆದಾಗ ಅವರು ಮೊದಲು ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರ ಓದಿದರು. ಆಮೇಲೆ ನನ್ನ ಕಡೆ ತಿರುಗಿ ಬಹಳ ಹೊತ್ತು ನೋಡಿದರು. "ಅಯ್ಯೋ ಪುಟ್ಟು, ತಲೆಯೆಲ್ಲ ನೆರೆತು ಹೋಗಿದೆಯಲ್ಲೋ! ಯಾವಾಗ ಇಷ್ಟೊಂದು ವಯಸ್ಸಾಯ್ತೋ ನಿಂಗೆ?" ಎಂದು ನನ್ನ ಕೆನ್ನೆ ಸವರಿದರು.

ಡಾಕ್ಟರು ನಕ್ಕು, "ಅಜ್ಜಿ, ಇನ್ನೊಂದು ಕಣ್ಣು ಯಾವಾಗ ಇಟ್ಕೊಳ್ಳೋಣ?" ಎಂದು ಕೇಳಿದರು.

"ನನ್ನನ್ನೇನು ಕೇಳ್ತೀರ? ಇವನನ್ನ ಕೇಳಿ. ಇವನಿಗೆ ಧೈರ್ಯ ಬಂದ ದಿನ ಮಾಡಿ."

ಡಾಕ್ಟರು ಪೆನ್ನು ಹಿಡಿದು ನನ್ನ ಮುಖ ನೋಡಿದರು. ಓದಿದವನು, ದೊಡ್ಡ ಆಫೀಸು ನಡೆಸಿದವನು, ಎಲ್ಲ ತಿಳಿದ ಮೇಲೂ ನನ್ನ ಬಾಯಿಂದ ಬಂದ ಉತ್ತರ ಹೀಗಿತ್ತು: "ಮನೆಗೆ ಹೋಗಿ ಸ್ವಲ್ಪ ಮೀನು ನೋಡ್ಕೊಂಡು ಹೇಳ್ತೀನಿ ಸಾರ್."